ಮಾಮೂಲಿ ಅಪ್ಪನ ಪಾತ್ರ

ಪಾತ್ರಗಳಿಗೆ ಜನ ಹುಡುಕಿಕೊಡುವುದು ನನ್ನ ಕೆಲಸ. ಇದರಲ್ಲಿ ನಗುವ ಪ್ರಸಂಗಗಳಿಗೆ ಬರವಿಲ್ಲ. ಎಷ್ಟೋ ಸಲ ನಕ್ಕಮೇಲೆ ಊಟ ಸೇರುವುದಿಲ್ಲ, ಅಷ್ಟೆ.

ಹಳೆಯದೊಂದು ವಠಾರದ ಧಾರಾವಾಹಿಯನ್ನು ಈಗ ಹೊಸದಾಗಿ ತೆಗೆಯುತ್ತಿದ್ದಾರೆ. ಹಳೆಯದರಲ್ಲಿ ಎಲ್ಲ ಮನೆಗಳಲ್ಲೂ ಒಂದೇ ಥರದ ಜನ. "ಈ ಸಲ ಎಲ್ಲಾ ಥರದವ್ರೂ ಬೇಕು ಕಣ್ರೀ," ಎಂದರು ನಿರ್ದೇಶಕರು, ಇಂದಿರಾನಗರದ ಆಫೀಸಿನಲ್ಲಿ. ನನಗೆ ನಿಜಕ್ಕೂ ಖುಷಿಯಾಯಿತು.

ಶಿವಾಜಿನಗರದಲ್ಲಿ ನನ್ನ ಗೆಳೆಯನೊಬ್ಬನಿದ್ದಾನೆ. ಒಳ್ಳೆಯ ನಟ, ಮುಸಲ್ಮಾನ. ಟಿವಿಯಲ್ಲಿ ಅವನಿಗೆ ಸಿಕ್ಕಿದ್ದೆಲ್ಲ ಕಳ್ಳಸಾಗಣೆ, ಬಾಂಬು. ಶಾಲೆಯಲ್ಲಿ ಮಗಳನ್ನು ರೇಗಿಸುತ್ತಾರೆ. "ಒಂದ್ಸಲ ಮಾಮೂಲಿ ಅಪ್ಪನ ಪಾತ್ರ ಕೊಡ್ಸು ಗುರು. ನಮ್ ಹುಡುಗಿ ಸ್ಕೂಲಲ್ಲಿ ತಲೆ ಎತ್ಕೊಂಡು ಓಡಾಡ್ಲಿ," ಅಂದಿದ್ದ. ಅವನನ್ನೂ ಕರೆದೆ.

ಹಲಸೂರಿನ ಅಜ್ಜಿ

ಮೊದಲ ಮನೆಗೆ ತಮಿಳು ಅಜ್ಜಿ ಬೇಕಿತ್ತು. ಹಲಸೂರಿನಿಂದ ಒಬ್ಬರನ್ನು ಕರೆತಂದೆ. ಕನ್ನಡದ ಡೈಲಾಗನ್ನು ಸೊಗಸಾಗಿ ಒಪ್ಪಿಸಿದರು. ನಿರ್ದೇಶಕರಿಗೆ ಸಮಾಧಾನವಾಗಲಿಲ್ಲ.

"ಅಮ್ಮಾ, ಸ್ವಲ್ಪ ತಮಿಳರ ಥರ ಮಾತಾಡಿ."

"ನಮ್ಮನೇಲಿ ಎಲ್ರೂ ಹಿಂಗೇ ಮಾತಾಡೋದಪ್ಪ," ಎಂದರು ಅಜ್ಜಿ. "ನೀನು ನೋಡಿರೋ ತಮಿಳ್ರು ಯಾವ ಊರೋರು?"

ಬಣ್ಣ

ಹಳೆಯ ಧಾರಾವಾಹಿಯ ಕೆಲಸದಾಕೆಯ ಪಾತ್ರಕ್ಕೆ ಬೆಳ್ಳಗಿನ ನಟಿಯೊಬ್ಬಳಿಗೆ ಕಪ್ಪು ಬಳಿದಿದ್ದರು. ಈ ಸಲ ಕೆ.ಆರ್. ಪುರದಲ್ಲಿ ಬಾಡಿಗೆಗಿರುವ ರಾಯಚೂರಿನ ಹುಡುಗಿಯೇ ಸಿಕ್ಕಳು, ಕಪ್ಪಗೆ, ಲಕ್ಷಣವಾಗಿ.

"ಸ್ವಲ್ಪ ಬೆಳ್ಳಗೆ ಮಾಡ್ರಿ, ಟಿವಿ ಅಲ್ವಾ," ಎಂದರು ನಿರ್ದೇಶಕರು.

ಮೇಕಪ್ ಮಾಡುವವರು ಆಗಿನವರೇ. ಡಬ್ಬಿ ತೆರೆಯುತ್ತಾ ಹೇಳಿದರು: "ಆಗ ಕಪ್ಪು ಹಚ್ಚಿದ್ದೆ, ಈಗ ಬಿಳಿ. ಪುಣ್ಯಕ್ಕೆ ನನ್ನ ಕೆಲ್ಸ ಅಂತೂ ಹೋಗ್ಲಿಲ್ಲ."

ಎರಡನೇ ಮನೆಯ ಅಪ್ಪ

ಕೊನೆಗೆ ಗೆಳೆಯನ ಸರದಿ. ಮಗಳ ಮಾರ್ಕ್ಸ್ ಕಾರ್ಡ್ ನೋಡಿ ಗದರಿ, ಆಮೇಲೆ ತಾನೇ ಅಳುವ ಅಪ್ಪನ ದೃಶ್ಯ. ಮಾಡಿ ಮುಗಿಸಿದಾಗ ನಿರ್ದೇಶಕರು ಕಣ್ಣೊರೆಸಿಕೊಂಡರು.

"ಇವ್ರೇ ಅಪ್ಪ! ಏನ್ ಸಾರ್ ನಿಮ್ಮ ಹೆಸರು?"

ಹೇಳಿದ. ಮುಗಿಯಿತು ಕಥೆ ಎಂದುಕೊಂಡೆ. ನಿರ್ದೇಶಕರು ಎದ್ದು ಬಂದು ಅವನನ್ನು ತಬ್ಬಿಕೊಂಡರು.

"ಅಯ್ಯೋ, ಮೊದ್ಲೇ ಹೇಳ್ಬಾರ್ದಾ! ನಮಗೆ ಬೇಕಾಗಿದ್ದೇ ಇದು!"

ಮರುದಿನ ಹೋದರೆ ಪಾತ್ರವನ್ನೇ ತಿದ್ದಿದ್ದರು. ತಲೆಗೆ ಟೋಪಿ, ಕಣ್ಣಿಗೆ ಸುರ್ಮಾ, ಪ್ರತಿ ಸಂಚಿಕೆಯಲ್ಲೂ ವಠಾರಕ್ಕೆಲ್ಲ ಬಿರಿಯಾನಿ ಹಂಚುವ ಕೆಲಸ.

"ಸರ್, ಆ ಮಾರ್ಕ್ಸ್ ಕಾರ್ಡ್ ಸೀನು?" ಗೆಳೆಯ ಕೇಳಿದ.

"ಅದು ಮಾಮೂಲಿ ಅಪ್ಪಂದಲ್ವಾ. ಪಕ್ಕದ್ಮನೆಯವ್ರಿಗೆ ಕೊಟ್ಟಿದ್ದೀವಿ."

ಗೆಳೆಯ ಟೋಪಿಯನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಹೇಳಿದ: "ಸರ್, ನಮ್ಮನೇಲೂ ಮಕ್ಳು ಫೇಲಾಗ್ತಾರೆ."

ನಿರ್ದೇಶಕರ ಕಣ್ಣು ಮತ್ತೆ ಒದ್ದೆಯಾಯಿತು. "ಎಂಥಾ ಡೈಲಾಗ್ ಸಾರ್!" ಎಂದು ಸಂಭಾಷಣೆ ಬರೆಯುವವನ ಕಡೆ ತಿರುಗಿದರು. "ಬರ್ಕೊಳ್ಳಪ್ಪ. ಇದನ್ನೂ ಪಕ್ಕದ್ಮನೆಯವ್ರಿಗೇ ಕೊಡೋಣ."