ಲಾಂಡ್ರಿ ಮುಂದಿನ ಹೊಂಡ

ಲಾಂಡ್ರಿಯವನಿಗೆ ಇದ್ದ ಒಬ್ಬನೇ ಶತ್ರು ಅಂಗಡಿ ಮುಂದಿನ ರಸ್ತೆ ಅಂಚಿನ ಹೊಂಡ. ಮಳೆ ಬಂದರೆ ತುಂಬುತ್ತಿತ್ತು, ಗಾಡಿ ಬಂದರೆ ಚಿಮ್ಮುತ್ತಿತ್ತು, ಒಗೆದು ಹರವಿದ ಬಟ್ಟೆ ಮತ್ತೆ ತೊಟ್ಟಿ ಸೇರುತ್ತಿತ್ತು. ಅದನ್ನು ಮುಚ್ಚಲು ಜಲ್ಲಿ, ಮರಳು, ಕೊನೆಗೆ ಇಸ್ತ್ರಿಪೆಟ್ಟಿಗೆಯ ಇದ್ದಿಲನ್ನೂ ಸುರಿದು ನೋಡಿದ್ದ. ಹೊಂಡ ಅಷ್ಟನ್ನೂ ನುಂಗಿ ಮತ್ತೆ ಬಾಯಿ ತೆರೆದಿತ್ತು. ಅಂತೂ ಅವನ ಗೋಳು ಯಾರದೋ ಕಿವಿಗೆ ಬಿದ್ದು, ಇವತ್ತು ಬೀದಿಗೆ ಡಾಂಬರು ಹಾಕುವವರು ಬರುವವರಿದ್ದರು.

ಬೆಳಿಗ್ಗೆ ಹೆಂಡತಿ ಇನ್ನೊಂದು ಸುದ್ದಿ ತಂದಳು. ಅಂತರ್ಜಲ ಉಳಿಸಲು ಸರ್ಕಾರ ಹೊಸ ನಿಯಮ ಮಾಡಿದೆಯಂತೆ. ಬೋರ್‌ವೆಲ್ ಇದ್ದವರು ಮಳೆನೀರು ಇಂಗುವ ಗುಂಡಿ ತೋಡಿರಲೇಬೇಕಂತೆ, ಇಲ್ಲದಿದ್ದರೆ ಇವತ್ತೇ ಬೋರ್‌ವೆಲ್‌ಗೆ ಬೀಗವಂತೆ. ತಪಾಸಣೆಯ ಇಂಜಿನಿಯರ್ ಆಗಲೇ ಪಕ್ಕದ ಬೀದಿಯಲ್ಲಿದ್ದಾರಂತೆ. ಲಾಂಡ್ರಿಯವನಿಗಿದ್ದದ್ದು ಬೋರ್‌ವೆಲ್ ನೀರೊಂದೇ. ನೀರಿಲ್ಲದೆ ಲಾಂಡ್ರಿ ನಡೆಸುವುದುಂಟೇ?

ಗುದ್ದಲಿ ಕೇಳಲು ಓಡಿದರೆ ಎದುರುಮನೆಯ ನಿವೃತ್ತ ಮೇಷ್ಟ್ರು ಸಲಹೆ ಕೊಟ್ಟರು, ಗುಂಡಿ ಚೌಕವಾಗಿರಬೇಕೆಂದು. ಪಕ್ಕದ ದರ್ಜಿ ದುಂಡಗಿರಬೇಕೆಂದ. ಅವರ ವಾದ ಮುಗಿಯುವುದರೊಳಗೆ ಇವನು ಹಿತ್ತಲಲ್ಲಿ ಅಗೆದು ಬಂಡೆ ಮುಟ್ಟಿದ್ದ. ಅಷ್ಟರಲ್ಲಿ ಜೀಪು ಬಂದು ನಿಂತಿತು.

"ಎಲ್ಲಪ್ಪಾ ನಿನ್ನ ಇಂಗುಗುಂಡಿ?" ಎಂದರು ಇಂಜಿನಿಯರ್.

ಲಾಂಡ್ರಿಯವನು ಗುದ್ದಲಿಯನ್ನು ಬೆನ್ನ ಹಿಂದೆ ಸರಿಸಿದ. ಮೇಷ್ಟ್ರು ಊರುಗೋಲೆತ್ತಿ ರಸ್ತೆಯಂಚಿಗೆ ತೋರಿಸಿದರು. "ಅದೇ ಸಾರ್. ವರ್ಷಗಳಿಂದ ಇವನಿಗೆ ಹಗಲೂ ರಾತ್ರಿ ಅದರದೇ ಚಿಂತೆ."

ಇಂಜಿನಿಯರ್ ಸಲಾಕೆಯಿಂದ ಕೆದಕಿದರು. ಜಲ್ಲಿ, ಮರಳು, ಇದ್ದಿಲು, ಪದರ ಪದರವಾಗಿ ಬಂತು. ಒಂದು ಕೊಡ ನೀರು ಸುರಿಸಿದರೆ ಗುಳುಗುಳು ಇಳಿಯಿತು. ಅವರ ಮುಖ ಅರಳಿತು. "ನೀರು ಸೋಸೋಕೆ ಇದ್ದಿಲೂ ಹಾಕಿದೀಯಾ? ಎಲ್ಲ ನೀನೇ ಮಾಡಿದ್ದಾ?"

"ಹೌದು ಸಾರ್, ಎಲ್ಲ ನಾನೇ ಸುರಿದದ್ದು," ಎಂದ. ಸುಳ್ಳೇನೂ ಅಲ್ಲವಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ.

ಬೋರ್‌ವೆಲ್ ಉಳಿಯಿತು. ಹೋದ ಜೀವ ಬಂದಂತಾಗಿ, ಮಧ್ಯಾಹ್ನ ಡಾಂಬರಿನವರು ಬಂದಾಗ ಅವನೇ ಮುಂದೆ ಓಡಿ ಹೊಂಡ ತೋರಿಸಿದ. ಇನ್ನೂ ಬೀದಿಯಲ್ಲೇ ಇದ್ದ ಇಂಜಿನಿಯರ್ ಅಡ್ಡ ಬಂದರು.

"ಅದನ್ನ ಮುಟ್ಟಬೇಡಿ. ಇಡೀ ಬೀದಿ ನೀರು ಇದಕ್ಕೇ ಬರೋ ಹಾಗೆ ಇಳಿಜಾರು ಕೊಡಿ. ಮುಚ್ಚಿದ ದಿನ ಇವನ ಬೋರ್‌ವೆಲ್‌ಗೆ ಬೀಗ."

ಸಂಜೆಗೆ ಬೀದಿ ಹೊಸ ಚಪ್ಪಲಿಯಂತೆ ಮಿರಮಿರ ಮಿಂಚುತ್ತಿತ್ತು, ಹೊಂಡದ ಆ ಕಡೆಗೂ ಈ ಕಡೆಗೂ. ಒಂದು ಜೋರು ಮಳೆ ಬಿದ್ದು ನಿಂತಿತು. ಬೀದಿಯ ನೀರೆಲ್ಲ ಹೇಳಿದ ಮಾತು ಕೇಳಿ ಹೊಂಡಕ್ಕೇ ಬಂತು. ನುಣ್ಣನೆಯ ರಸ್ತೆಯ ಮೇಲೆ ಇಂಜಿನಿಯರ್ ಜೀಪು ಎಂದೂ ಇಲ್ಲದ ವೇಗದಲ್ಲಿ ಬಂದು, ಹೊಂಡಕ್ಕೆ ಚಕ್ರವಿಳಿಸಿ ಹೋಯಿತು. ಆಗಷ್ಟೇ ಹೊರಗೆ ತಂದು ಹರವಿದ್ದ ಬಿಳಿ ಬಟ್ಟೆಗಳೆಲ್ಲ ಕೆಸರಿನ ಬಣ್ಣಕ್ಕೆ ತಿರುಗಿದವು.

ಹೆಂಡತಿ ತೊಟ್ಟಿಗೆ ನೀರು ಬಿಟ್ಟಳು.

"ಬೋರ್‌ವೆಲ್ ಉಳೀತಲ್ಲ," ಎಂದಳು. "ಒಗೀರಿ."