ಮಗಳ ಕಾಲು, ಅಪ್ಪನ ಸೊಂಟ

ಕಾಯಿಲೆ ಬರುವುದಿದ್ದರೆ ನಾಲ್ಕು ಜನರ ಕಣ್ಣಿಗೆ ಕಾಣುವಂಥದ್ದು ಬರಬೇಕು. ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಾರೆ, ಕೈ ಮುರಿದರೆ ಪ್ಲಾಸ್ಟರ್ ಕಂಡು ಬಸ್ಸಿನಲ್ಲಿ ಜಾಗ ಬಿಡುತ್ತಾರೆ. ನನಗೆ ಬಂದದ್ದು ಸಯಾಟಿಕಾ. ಹೊರಗಿನಿಂದ ನೋಡಿದರೆ ನಾನು ಗಟ್ಟಿಮುಟ್ಟಾದ ಗೃಹಸ್ಥ. ಒಳಗೆ ಸೊಂಟದಲ್ಲಿ ಹೊರಟ ನೋವು ಕುಂಡೆ ದಾಟಿ, ತೊಡೆಯ ಹಿಂಭಾಗದಲ್ಲಿ ಇಳಿದು, ಹಿಮ್ಮಡಿಯವರೆಗೂ ಸುಡುತ್ತಾ ಹೋಗುತ್ತಿತ್ತು. ಕೆಮ್ಮಿದರೆ ನೋವು, ಸೀನಿದರೆ ಅದಕ್ಕಿಂತ ಹೆಚ್ಚು. ಹೆಂಡತಿ ಸುಧಾ ಮೀನಿನ ಸಾರಿಗೆ ಒಣಮೆಣಸು ಹುರಿಯಲು ಬಾಣಲೆ ಇಟ್ಟಳೆಂದರೆ ನಾನು ಮೂಗು ಮುಚ್ಚಿಕೊಂಡು ಅಂಗಳಕ್ಕೆ ಓಡುತ್ತಿದ್ದೆ. ಓಡುತ್ತಿದ್ದೆ ಎಂದರೆ ಕುಂಟುತ್ತಿದ್ದೆ. "ಮೆಣಸು ಹುರಿಯೂ ಹೊತ್ತಿಗೇ ಸರಿಯಾಗಿ ಇವರಿಗೆ ವಾಕಿಂಗ್ ನೆನಪಾಗ್ತದೆ" ಎಂದು ಅವಳು ಪಕ್ಕದ ಮನೆಯವರಿಗೆ ಹೇಳುವುದು ಅಂಗಳಕ್ಕೂ ಕೇಳುತ್ತಿತ್ತು.

ನಾನು ಕಾರವಾರದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕ. ಯಾರೂ ಕೇಳದ ದಪ್ಪ ಪುಸ್ತಕಗಳನ್ನು ಕೆಳಗಿನ ಕಪಾಟಿನಲ್ಲಿ ಇಡುವುದು ನಮ್ಮಲ್ಲಿ ವಾಡಿಕೆ. ಒಂದು ದಿನ ಯಾರೋ ಕೇಳಿಬಿಟ್ಟರು. ಸೊಂಟದಿಂದ ಬಾಗಿ ಎತ್ತಿದೆ. ಪುಸ್ತಕ ಮೇಲೆ ಬಂತು, ನಾನು ಬರಲಿಲ್ಲ. ನೋವು ಬಂದದ್ದೂ ಎಂಥ ಹೊತ್ತಿನಲ್ಲಿ? ಮಗಳು ಅಶ್ವಿನಿಯ ಮದುವೆ ತಿಂಗಳೊಪ್ಪತ್ತಿನಲ್ಲಿ ಇತ್ತು. ಹುಡುಗ ಅಂಕೋಲೆಯವನು. ಮದುವೆ ನಮ್ಮ ಕಾರವಾರದಲ್ಲೇ.

ಡಾಕ್ಟರು ನನ್ನನ್ನು ಅಂಗಾತ ಮಲಗಿಸಿ ಕಾಲನ್ನು ನೇರ ಮೇಲೆತ್ತಿದರು. ನಾನು ಕೂಗಿದ್ದು ಹೊರಗೆ ಕುಳಿತ ರೋಗಿಗಳಿಗೆ ಕೇಳಿ ಇಬ್ಬರು ಎದ್ದು ಹೋದರಂತೆ. ಬೆನ್ನೆಲುಬಿನ ನಡುವಿನ ಡಿಸ್ಕು ಉಬ್ಬಿ ನರವನ್ನು ಒತ್ತುತ್ತಿದೆ, ಹೆಚ್ಚಿನವರಿಗೆ ಕೆಲವು ವಾರ, ತಿಂಗಳುಗಳಲ್ಲಿ ತಾನಾಗಿ ಇಳಿಯುತ್ತದೆ ಎಂದರು. ಮಲಗಿಯೇ ಇರಬೇಡಿ, ಆದಷ್ಟು ನಡೆಯಿರಿ, ಹಿಂದಿನ ಕಿಸೆಯ ದಪ್ಪ ಪಾಕೀಟು ತೆಗೆಯಿರಿ ಎಂದರು. (ಅದರಲ್ಲಿದ್ದದ್ದು ಹಳೆಯ ಬಸ್ ಟಿಕೇಟುಗಳು.) ಪಾದ ಎತ್ತಲು ಬಲ ಸಾಲದೆ ಹೋದರೆ, ಮೂತ್ರದ ಹಿಡಿತ ತಪ್ಪಿದರೆ ಮಾತ್ರ ಕಾಯದೆ ಓಡಿ ಬನ್ನಿ ಎಂದರು. ಆ ಕಾಲಿನಲ್ಲಿ ಓಡುವುದು ಹೇಗೆಂದು ನಾನು ಕೇಳಲಿಲ್ಲ. ಕೊನೆಗೆ ಹೇಳಿದ ಮಾತು ಮಾತ್ರ ನನ್ನ ಎದೆಗೇ ಬಿತ್ತು. "ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಬಹಳ ಹೊತ್ತು ಕೂರಬೇಡಿ."

ಧಾರೆ ಎರೆಯುವ ಅಪ್ಪ ಮಣೆಯ ಮೇಲೆ ಕೂರದೆ ಎಲ್ಲಿ ಕೂರಬೇಕು? ಭಟ್ಟರನ್ನು ಕೇಳಿದೆ. ಉಳಿದದ್ದಕ್ಕೆಲ್ಲ ಕುರ್ಚಿ ನಡೆದೀತು, ಧಾರೆಗೆ ಮಾತ್ರ ಮಣೆಯೇ ಆಗಬೇಕು ಎಂದರು. ಹಣಕೋಣದಲ್ಲಿರುವ ಸುಧಾಳ ಅಣ್ಣ ಈ ಸುದ್ದಿ ಕೇಳಿ ಮರುದಿನವೇ ಬಂದ. "ಭಾವ, ನೀವು ಕುರ್ಚಿ ಮೇಲೆ ಆರಾಮ ಕೂತು ನೋಡಿ. ಧಾರೆ ಎರೆಯೂಕೆ ನಾ ಕುಳ್ತೆ" ಎಂದ. ಒಳ್ಳೆಯ ಮನುಷ್ಯ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ನನಗೆ ಇರುವುದು ಒಬ್ಬಳೇ ಮಗಳು. ಅವಳ ಕೈಯನ್ನು ನಾನೇ ಹಿಡಿದು ಕೊಡಬೇಕು. ಆ ಆಸೆಯನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ, "ನೋಡುವಾ" ಎಂದಷ್ಟೇ ಅಂದೆ.

ಆಗ ಪಕ್ಕದ ಮನೆಯ ಸುಮತಿಬಾಯಿ ಕೇಳಿದರು, "ಮನೇಲೇ ಮದ್ದು ಇಟ್ಕಂಡು ಆಸ್ಪತ್ರೆಗೆ ಎಂತಕ್ಕೆ ಹೋಗೂದು?"

ಮದ್ದು ಎಂದರೆ ಅಶ್ವಿನಿ. ಅವಳು ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರು ಸೊಂಟಕ್ಕೆ ಕಾಲು ತಾಗಿಸಿದರೆ ಉಳುಕು ಹೋಗುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಅವಳು ನಿಲ್ಲಲು ಕಲಿತದ್ದೇ ತಡ, ರವಿವಾರ ಬೆಳಿಗ್ಗೆ ನಮ್ಮ ಜಗಲಿಯಲ್ಲಿ ಒಬ್ಬರಲ್ಲ ಒಬ್ಬರು ಬೋರಲು ಮಲಗಿರುತ್ತಿದ್ದರು. ಪುಟ್ಟ ಪಾದದಿಂದ ಒಂದು ಒದೆ ತಿಂದು, ಎದ್ದು ಕೈಮುಗಿದು, ಬಾಳೆಹಣ್ಣನ್ನೋ ಶೇಂಗಾ ಚಿಕ್ಕಿಯನ್ನೋ ಕೊಟ್ಟು ಹೋಗುತ್ತಿದ್ದರು. ಮಾವಿನ ಕಾಲದಲ್ಲಿ ಅಂಕೋಲೆಯ ಈಶಾಡು ಹಣ್ಣಿನ ಬುಟ್ಟಿಯೇ ಬಂದದ್ದುಂಟು. ದೊಡ್ಡವರನ್ನೆಲ್ಲ ಒದ್ದು ಹಣ್ಣು ತಿನ್ನುವ ಭಾಗ್ಯ ಯಾವ ಮಗುವಿಗಿದೆ? ಹೈಸ್ಕೂಲಿಗೆ ಹೋದಮೇಲೆ ಅವಳಿಗೆ ನಾಚಿಕೆ ಹತ್ತಿ ಈ ವೈದ್ಯವೃತ್ತಿ ನಿಂತುಹೋಯಿತು.

ಸುಮತಿಬಾಯಿಯ ಮಾತಿಗೆ ಬಿ.ಎಸ್ಸಿ. ಓದಿದ ಅಶ್ವಿನಿ ನಕ್ಕಳು. "ಇದು ಉಳುಕಲ್ಲ, ನರದ್ದು. ನಾ ಒದ್ದೆ ಅಂತ ಡಿಸ್ಕು ಹೆದರಿ ಒಳಗೆ ಹೋಗ್ತದಾ? ಮತ್ತೆ, ಅಪ್ಪಂಗೆ ಕಾಲು ತಾಗಿಸೂದು ನಂಗಾಗೂದಿಲ್ಲ" ಎಂದಳು. ಒದೆಯುವ ಬದಲು ಅವಳು ಹೇಳಿಕೊಟ್ಟು ಮಾಡಿಸಿದಳು: ಅಂಗಾತ ಮಲಗಿ ಒಂದೊಂದೇ ಮೊಣಕಾಲನ್ನು ಎದೆಗೆ ತರುವುದು, ಬಿಸಿನೀರಿನ ಚೀಲ ಇಡುವುದು, ಸಂಜೆ ಕಡಲ ದಂಡೆಯಲ್ಲಿ ನಡೆಯುವುದು. ಗಟ್ಟಿ ಮರಳಿನ ಮೇಲೆ ನನ್ನ ನಿಧಾನಕ್ಕೆ ಹೆಜ್ಜೆ ಹಾಕುತ್ತಾ ಅವಳು ನಡೆಯುತ್ತಿದ್ದಳು. ಮದುವೆಯ ಸೀರೆಯ ಬಗ್ಗೆ, ಅತ್ತೆಯ ಬಗ್ಗೆ, ದೇವಬಾಗದ ಬೀಚಿನಲ್ಲಿ ಚಿಕ್ಕವಳಿದ್ದಾಗ ಚಪ್ಪಲಿ ಕಳಕೊಂಡದ್ದರ ಬಗ್ಗೆ ಮಾತಾಡುತ್ತಿದ್ದಳು. ಎಷ್ಟು ವರ್ಷದ ಮೇಲೆ ಮಗಳು ನನ್ನ ಜೊತೆ ಅಷ್ಟು ಹೊತ್ತು ಇದ್ದದ್ದು. ನೋವಿಗೆ ನಾನು ಒಳಗೊಳಗೇ ಉಪಕಾರ ಸ್ಮರಿಸಿದೆ.

ಕಡಿಮೆಯಾಗುತ್ತಾ ಬಂದ ನೋವು ಮದುವೆಯ ಹಿಂದಿನ ದಿನದ ಓಡಾಟಕ್ಕೆ ಮತ್ತೆ ಕೆರಳಿತು. ಬೆಳಿಗ್ಗೆ ಛತ್ರದ ಕೋಣೆಯಲ್ಲಿ ಮಂಚದಿಂದ ಏಳಲಾಗಲಿಲ್ಲ. ಹಣಕೋಣದ ಭಾವ ಆಗಲೇ ಪಂಚೆ ಉಟ್ಟು ಸಿದ್ಧನಾಗಿ ಬಾಗಿಲಲ್ಲಿ ನಿಂತಿದ್ದ. ನಾನು ಗೋಡೆಯ ಕಡೆ ಮುಖ ಮಾಡಿದೆ. ಅಷ್ಟರಲ್ಲಿ ಬಾಸಿಂಗ ಕಟ್ಟಿಕೊಂಡ ಅಶ್ವಿನಿ ಬಂದಳು. ಎಲ್ಲರನ್ನೂ ಹೊರಗೆ ಕಳಿಸಿ, ಅಗಳಿ ಹಾಕಿ, "ಅಪ್ಪಾ, ಬೋರಲು ಮಲಗು" ಎಂದಳು.

"ನರದ್ದು ಅಂತಿದ್ದೆಯಲ್ಲೇ?"

"ಗೊತ್ತು. ಸುಮ್ನೆ ಮಲಗು."

ಬಳೆಗಳ ಸದ್ದು ಕೇಳಿತು. ಸೊಂಟದ ಮೇಲೆ ಅವಳ ಪಾದ ಒಂದು ಕ್ಷಣ, ತೂಕವೇ ಇಲ್ಲದ ಹಾಗೆ, ತಾಗಿತು. ಆಮೇಲೆ ಅವಳು ಬಗ್ಗಿ ನನ್ನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. "ಹೋಯ್ತಾ?" ಎಂದು ಕೇಳಿದಳು. ನೋವು ಇದ್ದಲ್ಲೇ ಇತ್ತು, ಕೂದಲೆಳೆಯಷ್ಟೂ ಕದಲಿರಲಿಲ್ಲ. "ಹೋಯ್ತು ಮಗಾ" ಎಂದೆ. ಹೋಯ್ತು ಎಂದಮೇಲೆ ಏಳಲೇಬೇಕಲ್ಲ, ಎದ್ದೆ. ಅವಳು ಮಣೆಯ ಮೇಲೆ ಕಂಬಳಿ ಮಡಚಿ ಹಾಕಿಸಿ, ನೋಯುವ ಕಾಲನ್ನು ಮುಂದಕ್ಕೆ ಚಾಚಿಸಿ, ಮೇಲೆ ನನ್ನದೇ ಶಲ್ಯ ಹೊದಿಸಿದಳು. ಭಟ್ಟರು ಕಂಡೂ ಕಾಣದ ಹಾಗೆ ಮಂತ್ರ ಮುಂದುವರಿಸಿದರು. ಅವಳ ಕೈಯನ್ನು ನಾನೇ ಹಿಡಿದು ಕೊಟ್ಟೆ. ಆಲ್ಬಮ್ಮಿನಲ್ಲಿ ನಾನು ಹಲ್ಲು ಕಚ್ಚಿಕೊಂಡಿದ್ದೇನೆ. ಬೀಗರು ಅದನ್ನು ಗಾಂಭೀರ್ಯ ಎಂದುಕೊಂಡಿದ್ದಾರೆ.

ಅವಳು ಅಂಕೋಲೆಗೆ ಹೋದಳು. ನಾನು ಬಿಡದೆ ನಡೆದೆ, ಮೊಣಕಾಲು ಎದೆಗೆ ತಂದೆ, ಬಾಗುವಾಗ ಸೊಂಟದ ಬದಲು ಮಂಡಿ ಮಡಚಲು ಕಲಿತೆ. ಮಳೆಗಾಲ ಮುಗಿಯುವಷ್ಟರಲ್ಲಿ ನೋವು ಹೇಳದೆ ಕೇಳದೆ ಹೊರಟುಹೋಯಿತು. ಅಶ್ವಿನಿಗೆ ಅಲ್ಲೇ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿ, ಬರುವುದು ಕಡಿಮೆಯಾಯಿತು. ಅಂಕೋಲೆ ಏನು ದೂರ, ಬಸ್ಸು ಹತ್ತಿದರೆ ಗಂಟೆಯ ದಾರಿ. ಆದರೂ ದಂಡೆಯಲ್ಲಿ ಒಬ್ಬನೇ ನಡೆಯುವಾಗ ಅವಳಿಲ್ಲದ್ದು ನೋಯುತ್ತಿತ್ತು. ಒಂದು ಸಂಜೆ ಫೋನಿನಲ್ಲಿ, "ಅಪ್ಪಾ, ಕಾಲು ಹೆಂಗಿದೆ?" ಎಂದಳು. "ಯಾಕೋ ಮತ್ತೆ ಸ್ವಲ್ಪ ಎಳೀತಾ ಇದೆ" ಎಂಬ ಮಾತು ನನ್ನ ಬಾಯಿಂದ ತಾನಾಗಿ ಬಂತು.

ರವಿವಾರ ಮೊದಲ ಬಸ್ಸಿಗೇ ಬಂದಳು. ಚಾಪೆ ಹಾಸಿದಳು. ನಾನು ನರಳುತ್ತಾ ಬೋರಲಾದೆ. ಪಾದ ತಾಗಿಸಿ, "ಹೋಯ್ತಾ?" ಎಂದಳು.

"ಅರ್ಧ ಹೋಗಿದೆ" ಎಂದೆ.

"ಉಳಿದರ್ಧಕ್ಕೆ ಮುಂದಿನ ರವಿವಾರ ಬರ್ತೆ ಬಿಡು" ಎಂದಳು. ಅಷ್ಟರಲ್ಲಿ ಸುಧಾ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು ಚಾಪೆಯ ಪಕ್ಕದಲ್ಲಿ ನಿಂತಳು. "ಸ್ವಲ್ಪ ಆಚೆ ಸರೀರಿ. ನಂಗೂ ನಿನ್ನೆಯಿಂದ ಸೊಂಟ ಹಿಡಕಂಡದೆ" ಎಂದಳು. ನಿನ್ನೆ ಇಡೀ ದಿನ ಅವಳು ಗುನುಗುತ್ತಾ ಮಾಳಿಗೆ ಹತ್ತಿ ಇಳಿದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಸರಸರ ಸರಿದು ಅವಳಿಗೆ ಜಾಗ ಮಾಡಿಕೊಟ್ಟೆ. ಸರಿಯುವ ಅವಸರದಲ್ಲಿ ನರಳುವುದನ್ನು ಮರೆತೆ.