ನಾಲ್ಕು ಗಂಟೆಗೆ ಕಾಕಾನ ಇಂಟರ್‌ವ್ಯೂ

ಸ್ವಲ್ಪ ತಡೀರಿ! ಕೈಯಲ್ಲಿ ಚಹಾ ಇದ್ದರೆ ಮೊದಲು ಕೆಳಗಿಡಿ, ಆಮೇಲೆ ಓದಿ. ಯಾಕೆಂದರೆ ನಾನೀಗ ಹೇಳಹೊರಟಿರುವ ಮನುಷ್ಯನಿಗೆ ಹದಿನಾಲ್ಕು ವರ್ಷ ತಿಂಗಳು ತಪ್ಪದೆ ಸಂಬಳ ಬಂದದ್ದು ಮುರಿಯುವುದಕ್ಕೆ. ಹೌದು, ಮುರಿಯುವುದಕ್ಕೇ!

ಆತ ನನ್ನ ಕಾಕಾ, ಅಪ್ಪನ ತಮ್ಮ. ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಮಾಡಿದ ಸಾಫ್ಟ್‌ವೇರನ್ನು ಹಿಂದೆ ಮುಂದೆ ಜಗ್ಗಾಡಿ ಎಲ್ಲಿ ಕೆಡುತ್ತದೆ ಎಂದು ಹುಡುಕುವುದೇ ಉದ್ಯೋಗ. ಪುಣೆಯಲ್ಲಿದ್ದ. ಮನೆಯಿಂದಲೇ ಕೆಲಸ ಮಾಡಿ ಎಂದು ಕಂಪನಿ ಹೇಳಿದ್ದೇ ತಡ, ಹೆಂಡತಿಯನ್ನು, ಅಂದರೆ ನನ್ನ ಕಾಕುವನ್ನು, ಕರೆದುಕೊಂಡು ಇಂಡಿ ಊರಿನ ನಮ್ಮ ಮನೆಗೆ ಬಂದುಬಿಟ್ಟ. ಬಂದ ದಿನವೇ ಆಯಿ, ಅಂದರೆ ನನ್ನ ಅಜ್ಜಿ, ಕೇಳಿದಳು.

"ಏನ್ ಕೆಲಸ ಮಾಡ್ತಿಯೋ ಯಪ್ಪಾ?"

"ಮಂದಿ ಮಾಡಿದ್ದು ಎಲ್ಲಿ ಮುರೀತೈತಿ ಅಂತ ನೋಡ್ತೇನವ್ವ."

"ಅದಕ್ಕೂ ಪಗಾರ ಕೊಡ್ತಾರ? ಸಣ್ಣಾಂವ ಇದ್ದಾಗ ಪುಕ್ಕಟೆ ಮಾಡ್ತಿದ್ದೆಲ್ಲೋ!"

ಮುಂದೆ ಏನಾಯಿತು ಗೊತ್ತಾ? ಮನೆ ತುಂಬ ಹಳದಿ ಚೀಟಿ! ಬಚ್ಚಲ ಬಾಗಿಲ ಮೇಲೆ: "ಮೂರನೇ ಸಲ ತಳ್ಳಿದರೆ ಮಾತ್ರ ಮುಚ್ಚುತ್ತದೆ. ದೋಷ: ಮಧ್ಯಮ." ಅಪ್ಪನ ಗಡಿಯಾರದ ಮೇಲೆ: "ಏಳು ನಿಮಿಷ ಮುಂದಿದೆ. ದೋಷ: ಗಂಭೀರ." ಒಂದು ದಿನ ಧೈರ್ಯ ಮಾಡಿ ರೊಟ್ಟಿಬುಟ್ಟಿಯ ಮೇಲೂ ಅಂಟಿಸಿದ: "ಅಂಚು ದಪ್ಪ. ದೋಷ: ಸಣ್ಣದು." ಕಾಕು ಮಧ್ಯಾಹ್ನ ಅವನ ತಾಟಿನಲ್ಲಿ ಆ ಚೀಟಿಯನ್ನೇ ಇಟ್ಟು, ಪಕ್ಕಕ್ಕೆ ಪುಂಡಿಪಲ್ಯ ಬಡಿಸಿದಳು. "ಇದರ ಅಂಚು ತೆಳ್ಳಗೈತಿ, ಉಣ್ರಿ!"

ನನ್ನ ಗತಿಯೂ ಅಷ್ಟೇ. ನಾನು ಮೊಬೈಲ್ ನೋಡಿ ನೋಡಿ ನನ್ನಷ್ಟಕ್ಕೇ ಕೋಡಿಂಗ್ ಕಲಿತವನು. ಮೊದಲ ಆ್ಯಪ್ ಮಾಡಿ ಎದೆಯುಬ್ಬಿಸಿ ಕಾಕಾನಿಗೆ ಕೊಟ್ಟೆ. ನಾಲ್ಕು ನಿಮಿಷದಲ್ಲಿ ಮೂವತ್ತೊಂದು ತಪ್ಪು! "ಬೇಜಾರಾಗಬ್ಯಾಡಲೇ, ತಪ್ಪು ಮುಚ್ಚಿಡಬಾರದು" ಎಂದು ನಕ್ಕ.

ಆದರೆ ನಿಜವಾದ ಆಘಾತ ಬಂದದ್ದು ಕಂಪನಿಯ ಮೇಲ್‌ನಲ್ಲಿ. ಇನ್ನು ಮುಂದೆ ಟೆಸ್ಟಿಂಗ್ ಕೆಲಸವನ್ನು ಯಂತ್ರವೇ ಮಾಡುತ್ತದಂತೆ! ಉಳಿಯಬೇಕೆನ್ನುವವರು ಬೇರೆ ತಂಡಕ್ಕೆ ಇಂಟರ್‌ವ್ಯೂ ಕೊಡಬೇಕು. ಗುರುವಾರ ಸಂಜೆ ನಾಲ್ಕಕ್ಕೆ. ಮಾಡಿದ ಕೆಲಸವನ್ನು ಲ್ಯಾಪ್‌ಟಾಪ್‌ನಲ್ಲಿ ತೆರೆದು ತೋರಿಸಬೇಕು. ಇಲ್ಲದಿದ್ದರೆ ಮನೆಗೆ. ಮನೆಯಲ್ಲೇ ಇರುವವನು ಇನ್ನೆಲ್ಲಿಗೆ ಹೋಗಬೇಕು, ಹೇಳಿ?

ಹನ್ನೆರಡು ದಿನ ಹಗಲೆಲ್ಲ ಕೂತು ತಯಾರಿ ಮಾಡಿದ. ಬುಧವಾರ ಯಾರೋ ರಸ್ತೆ ಅಗೆದರು, ನಮ್ಮ ಇಂಟರ್‌ನೆಟ್ ವೈರ್ ತುಂಡಾಯಿತು! ಮುದ್ದೇಬಿಹಾಳದಲ್ಲಿ ಅವನ ಅಕ್ಕನ ಮನೆ, ಅಂದರೆ ನನ್ನ ಅತ್ತಿಯ ಮನೆ. ಅಲ್ಲಿ ನೆಟ್ ಚೆನ್ನಾಗಿದೆ. ಗುರುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಚೀಲ ಹಿಡಿದು ನಾವಿಬ್ಬರೂ ಹೊರಟೆವು.

"ಅಕ್ಕಗ ನೌಕರಿ ಮಾತು ಹೇಳಬ್ಯಾಡ. ಬಿ.ಪಿ. ಐತಿ ಆಕಿಗೆ" ಎಂದು ದಾರಿಯಲ್ಲಿ ನನಗೆ ತಾಕೀತು.

ಸಿಂದಗಿಯಲ್ಲಿ ಕಂಡಕ್ಟರು "ಹತ್ತು ಮಿನಿಟ್ ನಿಂದರ್ತೈತ್ರಿ" ಎಂದ. ಕಾಕಾನಿಗೆ ಅಷ್ಟು ಸಾಕು! ಹತ್ತು ಎಂದರೆ ಹತ್ತೇನಾ ಎಂದು ನೋಡಲು, ನನ್ನನ್ನೂ ಚೀಲವನ್ನೂ ಎಳೆದುಕೊಂಡು ಇಳಿದ. ಬಾಳೆಹಣ್ಣಿನ ಗಾಡಿ ಹಿಂದೆ ನಿಂತು ಮೊಬೈಲ್‌ನಲ್ಲಿ ಸೆಕೆಂಡು ಎಣಿಸತೊಡಗಿದ. ಸರಿಯಾಗಿ ಹತ್ತನೇ ನಿಮಿಷಕ್ಕೆ ಬಸ್ಸು ಹೊರಟಿತು. ಕಾಕಾ ಕುಣಿದಾಡಿದ. "ಕರೆಕ್ಟ್ ಐತಿ ನೋಡಲೇ!"

"ಕಾಕಾ, ನಾವು ಕೆಳಗ ಅದೇವಿ!"

ಆಮೇಲೆ ಸಿಕ್ಕ ಬಸ್ಸು ಹತ್ತಿ ಹೂವಿನ ಹಿಪ್ಪರಗಿ ದಾಟಿ ಬಸವನ ಬಾಗೇವಾಡಿ, ಅಲ್ಲಿಂದ ಇನ್ನೊಂದು ಬಸ್ಸು. ಮುದ್ದೇಬಿಹಾಳ ಮುಟ್ಟಿದಾಗ ಎರಡು ಗಂಟೆ.

ನಮ್ಮನ್ನು ನೋಡಿ ಅತ್ತಿಗಂತೂ ಸ್ವರ್ಗವೇ ಇಳಿದು ಬಂದಂತಾಯಿತು. ಆದರೆ ಕಾಕಾ ಹೊಸ್ತಿಲಲ್ಲೇ ಹೇಳಿಬಿಟ್ಟ: "ಅಕ್ಕಾ, ನಾಕಕ್ಕ ಒಂದು ಮೀಟಿಂಗ್ ಐತಿ. ಐದರ ಬಸ್ಸಿಗೆ ಹೋಗ್ತೇವಿ."

"ನಿನ್ನ ಮೀಟಿಂಗ್ ದಿನಾ ಇರ್ತಾವ ಬಿಡು. ವರ್ಷಕ್ಕೊಮ್ಮಿ ಬರ್ತಿ, ಕುದುರಿ ಮ್ಯಾಲೆ ಕುಂತs ಬರ್ತಿ!"

ಉಂಡೆವು. ಅತ್ತಿ ನನ್ನನ್ನು ನೋಡಿ ಕಣ್ಣು ಮಿಟುಕಿಸಿ, "ಇವತ್ತ ಹ್ಯಾಂಗ ಹೋಗ್ತಾನ ನೋಡ್ತೇನಿ" ಎಂದು ಪಿಸುಗುಟ್ಟಿ, ಓಣಿಯಲ್ಲಿ ಯಾರದೋ ಕೂಸಿನ ತೊಟ್ಟಿಲು ಶಾಸ್ತ್ರಕ್ಕೆಂದು ಹೋದಳು. ಮೂರೂವರೆಗೆ ಕಾಕಾ ಚೀಲಕ್ಕೆ ಕೈ ಚಾಚಿದ. ಚೀಲ ಇಲ್ಲ!

ನಮ್ಮ ಕಡೆಯ ರೀತಿ ನಿಮಗೆ ಗೊತ್ತೇ ಇರಬೇಕು. ಬಂದ ದಿನವೇ ಹೊರಟು ನಿಲ್ಲುವ ನೆಂಟರ ಚೀಲ ಮುಚ್ಚಿಡುತ್ತಾರೆ. ಚೀಲ ಸಿಗದಿದ್ದರೆ ಬಸ್ಸು ತಪ್ಪುತ್ತದೆ, ಬಸ್ಸು ತಪ್ಪಿದರೆ ಒಂದು ರಾತ್ರಿ ಉಳಿಯುತ್ತಾರೆ. ಅತ್ತಿ ಮಾಡಿದ್ದು ಅದನ್ನೇ!

ಅತ್ತಿಯ ನಂಬರಿಗೆ ಫೋನ್ ಹಚ್ಚಿದೆ. ಅದು ಅಲ್ಲೇ ಫ್ರಿಜ್ ಮೇಲೆ ರಿಂಗಾಯಿತು! ಹಾಸಿಗೆಯ ರಾಶಿ ಕೆಡವಿದೆವು, ಮಂಚದ ಕೆಳಗೆ ನುಸುಳಿದೆವು. ನಾನು ಓಣಿಗೆ ಓಡಿ ಮೂರು ಮನೆಯ ಬಾಗಿಲು ಬಡಿದೆ. ಮೂರೂ ಮನೆಯಲ್ಲಿ ಚಹಾ ಸಿಕ್ಕಿತು, ಅತ್ತಿ ಸಿಗಲಿಲ್ಲ!

ನಾಲ್ಕಕ್ಕೆ ಕಾಕಾನ ಫೋನಿನಲ್ಲೇ, ಒಡೆದ ಗಾಜಿನ ಹಿಂದೆ, ಇಂಟರ್‌ವ್ಯೂ ಶುರುವಾಯಿತು. ಎದುರಿಗೆ ಮೂವರು. ಎಲ್ಲ ಇಂಗ್ಲಿಷಿನಲ್ಲಿ. ನಿಮ್ಮ ಕೆಲಸ ತೋರಿಸಿ ಎಂದರು. ಲ್ಯಾಪ್‌ಟಾಪ್ ಕೈಯಲ್ಲಿಲ್ಲ ಎಂದ. ಎಲ್ಲಿದೆ ಎಂದರು. ನೆಟ್ ಕೆಟ್ಟಿದೆ ಎನ್ನಬಾರದಿತ್ತೇ? ಇಲ್ಲ! "ನಮ್ಮ ಅಕ್ಕ ಮುಚ್ಚಿಟ್ಟಿದ್ದಾಳೆ" ಎಂದ. ಮೂರೂ ಮುಖಗಳು ಒಟ್ಟಿಗೆ ಕ್ಯಾಮೆರಾ ಹತ್ತಿರ ಬಂದವು.

"ಯಾಕೆ?"

ಕಾಕಾ ತಡವರಿಸಿದ. "ಪ್ರೀತಿಗೆ."

ತಿಳಿಸುತ್ತೇವೆ ಎಂದರು. ಒಂಬತ್ತೇ ನಿಮಿಷ. ಎಲ್ಲ ಮುಗಿಯಿತು.

ಐದೂವರೆಗೆ ಅತ್ತಿ ನಗುತ್ತ ಬಂದಳು. ಜೋಳದ ಪೀಪಾಯಿಯೊಳಗೆ ಮೊಳಕೈವರೆಗೆ ಕೈ ಹಾಕಿ ಚೀಲ ಎಳೆದಳು. ಜೋಳ ಸುರಿಯಿತು. "ಈಗ ಹೋಗಪಾ ನೋಡೂಣು, ಬಸ್ ಎಲ್ಲೈತಿ!" ಆಮೇಲೆ ನಮ್ಮ ಮುಖ ನೋಡಿದಳು. ನಗು ಅರ್ಧಕ್ಕೇ ನಿಂತಿತು. "ಯಾಕ್ರೋ? ಮೀಟಿಂಗಿಗೆ ಇದು ಬೇಕಾಗಿತ್ತೇನು? ನಂದೇನರ ತಪ್ಪಾತೇನೋ ತಮ್ಮಾ?"

ನಾನು ಬಾಯಿ ತೆರೆದೆ. ಕಾಕಾ ನನ್ನ ಕಾಲು ತುಳಿದ.

"ಏ, ಇಲ್ಲಕ್ಕ. ಮೀಟಿಂಗ್ ಮುಂದ ಹಾಕ್ಯಾರ. ಚಲೋ ಆತು ಮುಚ್ಚಿಟ್ಟಿದ್ದಿ, ಇಲ್ಲಾಂದ್ರ ಸುಮ್ನ ತಗದು ಕುಂದರ್ತಿದ್ದೆ."

ನನ್ನ ಕಾಕಾ ಸುಳ್ಳು ಹೇಳಿದ!

ಶನಿವಾರ ಮೇಲ್ ಬಂತು. ಆಗಲಿಲ್ಲ ಎಂದು. ನಾವು ಇನ್ನೂ ಅಲ್ಲೇ ಇದ್ದೆವು. ಕಾಕಾ ಕಟ್ಟೆಯ ಮೇಲೆ ಕೂತು ಎರಡು ಸಲ ಓದಿದ, ಫೋನ್ ಕಿಸೆಗೆ ಹಾಕಿದ, ಒಳಗೆ ಕೂಗಿದ: "ಅಕ್ಕಾ, ಇನ್ನ ನಾಕ ದಿನ ಇರ್ತೇನಿ."

ಅತ್ತಿ ಹಿಟ್ಟಿನ ಕೈಯಲ್ಲೇ ಹೊರಗೆ ಓಡಿದಳು. ಎದುರು ಮನೆಯವರಿಗೆ, ಪಕ್ಕದ ಮನೆಯವರಿಗೆ, ತರಕಾರಿ ಗಾಡಿಯವನಿಗೂ ಹೇಳಿದಳು. "ನಮ್ಮ ತಮ್ಮ ಇರ್ತಾನಂತ! ನಾ ಕೇಳಿಲ್ಲ, ತಾನs ಅಂದ!"

ಕಾಕಾ ಈಗ ಬೇರೆ ಕೆಲಸ ಹುಡುಕುತ್ತಿದ್ದಾನೆ. ನಿಮ್ಮ ಚೀಲವನ್ನೂ ಯಾರಾದರೂ ಹೀಗೆ ಮುಚ್ಚಿಟ್ಟಿದ್ದಾರಾ? ಎಲ್ಲಿಟ್ಟಿದ್ದರು, ಏನು ತಪ್ಪಿಹೋಯಿತು, ಬರೆದು ತಿಳಿಸಿ. ಒಂದೊಂದನ್ನೂ ಓದುತ್ತೇನೆ. ಆದರೆ ಮುದ್ದೇಬಿಹಾಳದ ಕಡೆ ಹೋದರೆ, ದಯವಿಟ್ಟು, ನಮ್ಮ ಅತ್ತಿಯ ಮುಂದೆ ಮಾತ್ರ ಏನೂ ಹೇಳಬೇಡಿ.